ಕಲ್ಲಿನ ಮುಂದೆ ನಿಂತು ಕಲಿಯುವ ಪದಗಳು: ಪ್ರಾಚೀನ ಕಲೆ ಮತ್ತು ವಾಸ್ತುಶಿಲ್ಪದ ಪರಿಭಾಷೆಗೆ ಸಮಗ್ರ ಮಾರ್ಗದರ್ಶಿ

ಡಾಲ್ಮೆನ್, ಮೆನ್ಹಿರ್, ಅಧಿಷ್ಠಾನ, ಕಪೋತ, ಟ್ರೈಗ್ಲಿಫ್, ಆಮಲಕ. ಓದುವಾಗ ಎಲ್ಲಾ ಅರ್ಥವಾದ ಹಾಗೇ ಇರುತ್ತದೆ. ಪುಸ್ತಕ ಮುಚ್ಚಿದ ಮೇಲೆ ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತದೆ. ನಾನೂ ಮೊದಲು ಪಟ್ಟಿ ಮಾಡಿ ಬಾಯಿಪಾಠ ಮಾಡಿದವನೇ. ಆಮೇಲೆ ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಗುಡ್ಡ ಹತ್ತಿದೆ. ಅಲ್ಲಿ ಚಪ್ಪಡಿಕಲ್ಲುಗಳಿಂದ ಕಟ್ಟಿದ ನೂರಾರು ಗೋರಿಗಳು ನಿಂತಿವೆ. ಒಂದರ ಮುಂದೆ ಕೂತು ಅದರ ಚಿತ್ರ ಬಿಡಿಸಿದೆ. ಮೂರು ಕಡೆ ಕಲ್ಲಿನ ಗೋಡೆ, ಮುಂದೆ ದುಂಡು ಕಿಂಡಿ ಕೊರೆದ ಇನ್ನೊಂದು ಚಪ್ಪಡಿ, ಮೇಲೆ ಒಂದು ಮುಚ್ಚಳ. ಅಂದಿನಿಂದ ಡಾಲ್ಮೆನ್ ಎಂಬ ಪದ ನನಗೆ ಮರೆತಿಲ್ಲ.

ಕಲೆಯ ಪರಿಭಾಷೆಯಲ್ಲಿ ಹೆಚ್ಚಿನ ಪದಗಳು ಯಾವುದೋ ಒಂದು ಪ್ರಶ್ನೆಗೆ ಉತ್ತರವಾಗಿ ಹುಟ್ಟಿದವು. ಇದನ್ನು ಹೇಗೆ ಮಾಡಿದರು? ಮೇಲಿನ ಭಾರ ಎಲ್ಲಿಗೆ ಇಳಿಯುತ್ತದೆ? ಜನ ಇಲ್ಲಿ ಎಲ್ಲಿಂದ ಎಲ್ಲಿಗೆ ನಡೆದರು? ಪ್ರಶ್ನೆ ಹಿಡಿದರೆ ಪದ ತಾನಾಗಿ ಬರುತ್ತದೆ. ಆ ಪ್ರಶ್ನೆಗಳ ದಾರಿಯಲ್ಲೇ ಹೆಜ್ಜೆ ಹೆಜ್ಜೆಯಾಗಿ ಹೋಗೋಣ.

ಹೆಜ್ಜೆ 1: ಗೆರೆ ಇಲ್ಲದ ನೋಟ್‌ಬುಕ್ ತೆಗೆದುಕೊಳ್ಳಿ

ಎಡಪುಟದಲ್ಲಿ ಚಿತ್ರ, ಬಲಪುಟದಲ್ಲಿ ಪದ. ಚಿತ್ರ ಚೆನ್ನಾಗಿ ಬರಬೇಕೆಂದೇನೂ ಇಲ್ಲ. ಕಂಬ ಎಲ್ಲಿ ಮುಗಿಯಿತು, ತೊಲೆ ಎಲ್ಲಿ ಶುರುವಾಯಿತು ಎಂದು ತಿಳಿದರೆ ಸಾಕು. ಫೋಟೋ ತೆಗೆದರೆ ಸಾಲದು. ಫೋಟೋದಲ್ಲಿ ಕಣ್ಣು ಇಡಿಯಾಗಿ ನೋಡಿ ಮುಂದೆ ಹೋಗುತ್ತದೆ, ಗೆರೆ ಎಳೆಯುವಾಗ ಪ್ರತಿಯೊಂದು ಮೂಲೆಯಲ್ಲೂ ನಿಲ್ಲಬೇಕಾಗುತ್ತದೆ.

ಬಲಪುಟದಲ್ಲಿ ಪ್ರತಿ ಪದದ ಕೆಳಗೆ ಮೂರು ವಿಷಯ ಬರೆಯಿರಿ: ಮೂಲ ಅರ್ಥ, ಊರಿನವರು ಕರೆಯುವ ಹೆಸರು, ನೀವು ಅದನ್ನು ನೋಡಿದ ಜಾಗ. ಡಾಲ್ಮೆನ್ ಮತ್ತು ಮೆನ್ಹಿರ್ ಎರಡೂ ಫ್ರಾನ್ಸಿನ ಬ್ರೆಟನ್ ಭಾಷೆಯಿಂದ ಬಂದವು. ಆ ಭಾಷೆಯಲ್ಲಿ 'ಮೆನ್' ಎಂದರೆ ಕಲ್ಲು, 'ಹಿರ್' ಎಂದರೆ ಉದ್ದ. ಮೆನ್ಹಿರ್ ಅಂದರೆ ಉದ್ದಕಲ್ಲು, ನಮ್ಮಲ್ಲಿ ನಿಲಸುಗಲ್ಲು. ಡಾಲ್ಮೆನ್ ಅಂದರೆ ಕಲ್ಲಿನ ಮೇಜು. ಹಿರೇಬೆಣಕಲ್ ಸುತ್ತಿನ ಜನಕ್ಕೆ ಅದು ಮೇಜಲ್ಲ, ಮನೆ. ಕುಳ್ಳ ಜನರಾದ ಮೋರ್ಯರು ಕಟ್ಟಿಕೊಂಡ ಮನೆಗಳು ಎಂದು ಅವರು ಹೇಳುತ್ತಾರೆ. ಬೇರೆ ಕಡೆ ಇವೇ ಪಾಂಡವರ ಮನೆ. ಹಂಪಿ ಹತ್ತಿರದ ನಿಂಬಾಪುರದ ಬೂದಿದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗ ಎನ್ನುತ್ತಾರೆ. ಪುರಾತತ್ವದವರು ಬೂದಿದಿಬ್ಬ ಎನ್ನುವುದು ನವಶಿಲಾಯುಗದ ದನಗಾಹಿಗಳು ಸಗಣಿಯ ರಾಶಿಯನ್ನು ಮತ್ತೆ ಮತ್ತೆ ಸುಟ್ಟು ಉಳಿದ ದಿಬ್ಬಕ್ಕೆ. ಊರಿನ ಹೆಸರನ್ನು ತಪ್ಪು ಎಂದು ಹೊಡೆದು ಹಾಕಬೇಡಿ. ಆ ಹೆಸರು ಗೊತ್ತಿದ್ದರೆ ಮಾತ್ರ ಅಲ್ಲಿಗೆ ದಾರಿ ಕೇಳಬಹುದು.

ಹೆಜ್ಜೆ 2: ಕಾಲದ ಪದಗಳನ್ನು ಕಲ್ಲಿನ ಮೈಯಿಂದ ಗುರುತಿಸಿ

ಹಳೆ ಶಿಲಾಯುಗ, ಮಧ್ಯ ಶಿಲಾಯುಗ, ನವಶಿಲಾಯುಗ. ಇವು ಮೊದಲಿಗೆ ಉಪಕರಣ ಮಾಡುವ ರೀತಿಗೆ ಇಟ್ಟ ಹೆಸರುಗಳು. ಹಳೆ ಶಿಲಾಯುಗದ ಕೈಕೊಡಲಿಯಲ್ಲಿ ಚಕ್ಕೆ ಎಬ್ಬಿಸಿದ ಗುರುತುಗಳು ಕಾಣುತ್ತವೆ. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಸುಣ್ಣಕಲ್ಲಿನಿಂದ ಹೀಗೆ ಉಪಕರಣ ಮಾಡುತ್ತಿದ್ದ ಜಾಗವೇ ಸಿಕ್ಕಿದೆ. ಅದು ಹತ್ತು ಲಕ್ಷ ವರ್ಷಕ್ಕೂ ಹಿಂದಿನದು. ಮಧ್ಯ ಶಿಲಾಯುಗದಲ್ಲಿ ಬೆರಳ ತುದಿಯಲ್ಲಿ ಹಿಡಿಯುವಷ್ಟು ಚಿಕ್ಕ ಅಲಗುಗಳು ಬಂದವು. ನವಶಿಲಾಯುಗದ ಕೊಡಲಿಯನ್ನು ಉಜ್ಜಿ ನಯ ಮಾಡಿರುತ್ತಾರೆ. ಬಳ್ಳಾರಿಯ ಸಂಗನಕಲ್ಲು ಗುಡ್ಡಗಳಲ್ಲಿ ಹಾಗೆ ಉಜ್ಜಿದ ತಗ್ಗುಗಳು ಬಂಡೆಯ ಮೇಲೆ ಇಂದಿಗೂ ಇವೆ.

ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. 'ಬೃಹತ್ ಶಿಲಾ' ಎನ್ನುವುದು ಒಂದೇ ಕಾಲದ ಹೆಸರಲ್ಲ. ದೊಡ್ಡ ಕಲ್ಲು ನಿಲ್ಲಿಸುವ ಪದ್ಧತಿಯ ಹೆಸರು. ಇಂಗ್ಲೆಂಡಿನ ಸ್ಟೋನ್‌ಹೆಂಜ್‌ನ ದೊಡ್ಡ ಕಲ್ಲುಗಳು ನಿಂತಿದ್ದು ಸುಮಾರು ಕ್ರಿ.ಪೂ. 2500ರಲ್ಲಿ. ಆಗ ಅಲ್ಲಿ ನವಶಿಲಾಯುಗದ ಕೊನೆ. ನಮ್ಮ ಹಿರೇಬೆಣಕಲ್‌ನ ಗೋರಿಗಳನ್ನು ಕಟ್ಟಿದವರ ಕೈಯಲ್ಲಿ ಕಬ್ಬಿಣ ಇತ್ತು. ಎರಡೂ ಬೃಹತ್ ಶಿಲೆಗಳೇ, ನಡುವೆ ಸಾವಿರ ವರ್ಷಕ್ಕಿಂತ ಜಾಸ್ತಿ ಅಂತರ. ಹಾಗಾಗಿ ಕಾಲದ ಪದ ಬರೆಯುವಾಗ ಪಕ್ಕದಲ್ಲಿ ಊರಿನ ಹೆಸರನ್ನೂ ಬರೆಯಿರಿ.

ಹೆಜ್ಜೆ 3: ಬಂಡೆಯ ಚಿತ್ರದ ಮುಂದೆ, 'ಸೇರಿಸಿದ್ದೋ, ತೆಗೆದದ್ದೋ' ಎಂದು ಕೇಳಿ

ಬಣ್ಣ ಸೇರಿಸಿದ್ದರೆ ವರ್ಣಚಿತ್ರ. ಕಲ್ಲಿನ ಮೈಯನ್ನೇ ಕುಟ್ಟಿ ತೆಗೆದಿದ್ದರೆ ಕುಟ್ಟುಚಿತ್ರ. ಮಧ್ಯಪ್ರದೇಶದ ಭೀಮ್‌ಬೇಟ್ಕಾದ ಹೆಸರಾದ ಚಿತ್ರಗಳು ಬಣ್ಣದವು. ಕೆಂಪಿಗೆ ಬಳಸಿದ್ದು ಕೆಮ್ಮಣ್ಣು, ಅಂದರೆ ಕಬ್ಬಿಣದ ಅಂಶ ಇರುವ ಮಣ್ಣು. ಅದು ಬಿಸಿಲಿಗೆ ಮಾಸುವುದಿಲ್ಲ. ಆದ್ದರಿಂದಲೇ ಜಗತ್ತಿನಾದ್ಯಂತ ಹಳೆ ಚಿತ್ರಗಳಲ್ಲಿ ಹೆಚ್ಚಾಗಿ ಉಳಿದಿರುವುದು ಕೆಂಪು. 1908ರಲ್ಲಿ ಆಸ್ಟ್ರಿಯಾದಲ್ಲಿ ಸಿಕ್ಕ ವಿಲ್ಲೆನ್‌ಡಾರ್ಫ್‌ನ ಪುಟ್ಟ ಹೆಣ್ಣು ಮೂರ್ತಿ ಸುಮಾರು 11 ಸೆಂಟಿಮೀಟರ್ ಎತ್ತರ, ಅಂಗೈಯಲ್ಲಿ ಹಿಡಿಯುವಷ್ಟು. ಅದರ ಮೈಮೇಲೂ ಕೆಮ್ಮಣ್ಣಿನ ಕುರುಹು ಇದೆ.

ಸಂಗನಕಲ್ಲಿನ ಪಕ್ಕದ ಕಪ್ಪಗಲ್ಲು ಗುಡ್ಡದಲ್ಲಿರುವುದು ಹೆಚ್ಚಾಗಿ ಕುಟ್ಟುಚಿತ್ರ. ಕರಿಬಂಡೆಯ ಮೇಲ್ಪದರವನ್ನು ಕಲ್ಲಿನಿಂದ ಚುಚ್ಚಿ ಚುಚ್ಚಿ ಉದ್ದ ಕೊಂಬಿನ, ಹಿಣಿಲಿನ ದನಗಳನ್ನು ಮೂಡಿಸಿದ್ದಾರೆ. ಅದೇ ಗುಡ್ಡದಲ್ಲಿ ಹೊಡೆದರೆ ಗಂಟೆಯ ಹಾಗೆ ದನಿ ಕೊಡುವ ಬಂಡೆಗಳೂ ಇವೆ. ಬಟ್ಟಲಿನಂಥ ಚಿಕ್ಕ ಗುಳಿಗಳನ್ನು ಕಂಡರೆ ಅದಕ್ಕೆ ಬೇರೆ ಪದವೇ ಇದೆ: ಕಪ್ಯೂಲ್, ಬಟ್ಟಲುಗುಳಿ.

ಇನ್ನು ಎರಡು ಪದ ಇಲ್ಲೇ ಕಲಿಯಿರಿ. ಒಂದರ ಮೇಲೆ ಒಂದು ಚಿತ್ರ ಬಿದ್ದಿದ್ದರೆ ಅದು ಮೇಲ್ಚಿತ್ರಣ. ಕೆಳಗಿನದು ಹಳೆಯದು, ಮೇಲಿನದು ಹೊಸದು. ಇದರಿಂದ ಚಿತ್ರಗಳ ವಯಸ್ಸಿನ ಸಾಲು ಸಿಗುತ್ತದೆ. ಇನ್ನೊಂದು ತಿರುಚುನೋಟ. 1940ರಲ್ಲಿ ಫ್ರಾನ್ಸಿನಲ್ಲಿ ಸಿಕ್ಕ ಲಾಸ್ಕೋ ಗುಹೆಯ ಗೂಳಿಯನ್ನು ನೋಡಿ. ಮೈ ಪಕ್ಕದಿಂದ ಕಾಣುತ್ತದೆ, ಕೊಂಬು ಮಾತ್ರ ನಮ್ಮ ಕಡೆಗೆ ತಿರುಗಿ ಎರಡೂ ಕಾಣುತ್ತವೆ. ಈಜಿಪ್ಟಿನ ಗೋಡೆಗಳ ಮೇಲಿನ ಮನುಷ್ಯರಲ್ಲೂ ಹೀಗೇ: ಮುಖ ಪಕ್ಕಕ್ಕೆ, ಕಣ್ಣು ಮತ್ತು ಭುಜ ಎದುರಿಗೆ, ಕಾಲು ಮತ್ತೆ ಪಕ್ಕಕ್ಕೆ. ಅಲ್ಲಿ ಅದಕ್ಕೆ ಸಂಯುಕ್ತ ಭಂಗಿ ಎನ್ನುತ್ತಾರೆ. ಬರೆಯಲು ಬಾರದೆ ಹೀಗೆ ಮಾಡಿದ್ದಲ್ಲ. ಪ್ರತಿ ಅಂಗವನ್ನೂ ಅದು ಚೆನ್ನಾಗಿ ಗುರುತು ಸಿಗುವ ಕಡೆಯಿಂದ ತೋರಿಸುವ ಆಯ್ಕೆ ಅದು.

ಒಂದು ಬೇಡಿಕೆ. ಬಣ್ಣ ಎದ್ದು ಕಾಣಲಿ ಎಂದು ಚಿತ್ರದ ಮೇಲೆ ನೀರು ಎರಚುವವರನ್ನು ನೋಡಿದ್ದೇನೆ. ಸೀಮೆಸುಣ್ಣದಿಂದ ಗೆರೆ ತಿದ್ದುವವರನ್ನೂ ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ. ಲಾಸ್ಕೋ ಗುಹೆಗೆ ಜನರ ಉಸಿರಿನಿಂದಲೇ ತೊಂದರೆಯಾಗಿ 1963ರಲ್ಲಿ ಅದನ್ನು ಮುಚ್ಚಬೇಕಾಯಿತು. ನಮ್ಮ ಗುಡ್ಡಗಳಲ್ಲಿ ಅಷ್ಟು ಕಾವಲಿಲ್ಲ. ನಾವೇ ಕೈ ಹಿಡಿತದಲ್ಲಿ ಇಟ್ಟುಕೊಳ್ಳಬೇಕು.

ಹೆಜ್ಜೆ 4: ಸೂರು ಹೇಗೆ ನಿಂತಿದೆ ಎಂದು ಮನೆಯಲ್ಲೇ ಕಟ್ಟಿ ನೋಡಿ

ಕಟ್ಟಡದ ಪದಗಳಲ್ಲಿ ಅರ್ಧದಷ್ಟು ಈ ಒಂದೇ ಪ್ರಶ್ನೆಯಿಂದ ಬಿಡಿಸಿಕೊಳ್ಳುತ್ತವೆ. ಇದಕ್ಕೆ ಒಂದು ಸಂಜೆ ಕೊಡಿ. ಮಕ್ಕಳಿದ್ದರೆ ಜೊತೆಗೆ ಕೂರಿಸಿಕೊಳ್ಳಿ.

ಮೊದಲು ಎರಡು ಲೋಟದ ಮೇಲೆ ಒಂದು ಉದ್ದ ಬಿಸ್ಕತ್ತು ಇಡಿ. ಇದು ಕಂಬ-ತೊಲೆ ಪದ್ಧತಿ. ನಡುವೆ ಬೆರಳಿಂದ ಮೆಲ್ಲಗೆ ಒತ್ತಿ. ಬಿಸ್ಕತ್ತು ಮೊದಲು ಬಿರುಕು ಬಿಡುವುದು ಕೆಳಗಡೆ. ಒತ್ತುವಾಗ ಮೇಲಿನ ಮೈ ಕುಗ್ಗುತ್ತದೆ, ಕೆಳಗಿನ ಮೈ ಹಿಗ್ಗುತ್ತದೆ. ಕಲ್ಲೂ ಅಷ್ಟೇ. ಕುಗ್ಗಿಸುವ ಭಾರವನ್ನು ಬಹಳ ತಡೆಯುತ್ತದೆ, ಎಳೆತವನ್ನು ಅಷ್ಟಾಗಿ ತಡೆಯುವುದಿಲ್ಲ. ಈಗ ಲೋಟಗಳನ್ನು ಹತ್ತಿರ ತನ್ನಿ, ಬಿಸ್ಕತ್ತು ಗಟ್ಟಿಯಾಗುತ್ತದೆ. ಹಳೆಯ ಕಲ್ಲಿನ ಮಂಟಪಗಳಲ್ಲಿ ಯಾಕೆ ಅಷ್ಟೊಂದು ಕಂಬ ಎಂಬ ಪ್ರಶ್ನೆಗೆ ಇದೇ ಉತ್ತರ. ಈಜಿಪ್ಟಿನ ಕಾರ್ನಾಕ್‌ನ ದೊಡ್ಡ ಸಭಾಂಗಣದಲ್ಲಿ 134 ಕಂಬಗಳಿವೆ. ಇಂಥ ಕಂಬಗಳ ಕಾಡಿಗೆ ಹೈಪೋಸ್ಟೈಲ್ ಎಂದು ಹೆಸರು. ನಮ್ಮ ರಂಗಮಂಟಪಗಳೂ ಇದೇ ತರ್ಕದವು. ಕಂಬದ ತಲೆಯ ಮೇಲೆ ಎರಡೂ ಕಡೆ ಚಾಚಿದ ತುಂಡು ಕಲ್ಲು ಕಾಣುತ್ತದಲ್ವಾ? ಅದು ಬೋದಿಗೆ. ಅದು ಅಲಂಕಾರಕ್ಕೆ ಮಾತ್ರ ಇರುವುದಲ್ಲ. ತೊಲೆ ತೇಲಾಡುವ ದೂರವನ್ನು ಕಡಿಮೆ ಮಾಡಲು ಚಾಚಿದ ಕೈ ಅದು.

ಸ್ಟೋನ್‌ಹೆಂಜ್‌ನಲ್ಲಿ ಎರಡು ನಿಲುಗಲ್ಲು, ಮೇಲೊಂದು ಅಡ್ಡಗಲ್ಲು ಇರುವ ಜೋಡಣೆಗೆ ಟ್ರೈಲಿಥಾನ್ ಎನ್ನುತ್ತಾರೆ, ಅಂದರೆ ಮೂರುಗಲ್ಲು. ಅಲ್ಲಿ ನಿಲುಗಲ್ಲಿನ ತಲೆಯಲ್ಲಿ ಗೂಟ ಬಿಟ್ಟು, ಅಡ್ಡಗಲ್ಲಿನಲ್ಲಿ ಗುಳಿ ಕೊರೆದು ಕೂರಿಸಿದ್ದಾರೆ. ಬಡಗಿಗಳು ಬಾಗಿಲುವಾಡಕ್ಕೆ ಮಾಡುವ ಅದೇ ಕೆಲಸ. ಈ ಮಾತನ್ನು ನೆನಪಿಡಿ, ಮುಂದಿನ ಹೆಜ್ಜೆಗೆ ಬೇಕು.

ಎರಡನೆಯದು ಪುಸ್ತಕದಿಂದ. ಮೇಜಿನ ಅಂಚಿನಲ್ಲಿ ಪುಸ್ತಕಗಳನ್ನು ಪೇರಿಸಿ, ಪ್ರತಿಯೊಂದನ್ನೂ ಕೆಳಗಿನದಕ್ಕಿಂತ ಸ್ವಲ್ಪ ಮುಂದೆ ಚಾಚಿ. ಹಿಂದಿನ ಭಾಗದ ಮೇಲೆ ಭಾರ ಇರುವವರೆಗೆ ಬೀಳುವುದಿಲ್ಲ. ಎರಡು ಕಡೆಯಿಂದ ಹೀಗೆ ಚಾಚುತ್ತಾ ಬಂದು ನಡುವೆ ಸೇರಿಸಿದರೆ ಚಾಚುಕಲ್ಲಿನ ಕಮಾನು, ಸುತ್ತಲೂ ಚಾಚಿದರೆ ಚಾಚುಕಲ್ಲಿನ ಗುಮ್ಮಟ. ಕಾರ್ಬೆಲ್ ಎಂಬ ಪದ ಇದಕ್ಕೇ. ಐರ್ಲೆಂಡಿನ ನ್ಯೂಗ್ರೇಂಜ್ ಗೋರಿಯ ಸೂರು ಹೀಗಿದೆ. ಗ್ರೀಸಿನ ಮೈಸಿನಿಯಲ್ಲಿ ಅಟ್ರಿಯಸ್‌ನ ಖಜಾನೆ ಎಂದು ಕರೆಯುವ ಗೋರಿಯ ಗುಮ್ಮಟವೂ ಹೀಗೇ, ಎತ್ತರ ಸುಮಾರು 13 ಮೀಟರ್. ನಮ್ಮ ಹಳೆ ಗುಡಿಗಳ ಶಿಖರಗಳೂ ಈ ಅಡ್ಡಪದರಗಳ ತತ್ವದ ಮೇಲೇ ಎದ್ದವು.

ಮೂರನೆಯದಕ್ಕೆ ಬಟ್ಟೆ ಸೋಪು ಬೇಕು. ಅದನ್ನು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು ಇರುವ ತುಂಡುಗಳಾಗಿ ಕತ್ತರಿಸಿ. ಲೋಟವನ್ನು ಮಲಗಿಸಿ, ಅದರ ಬೆನ್ನಿನ ಮೇಲೆ ತುಂಡುಗಳನ್ನು ಒತ್ತಾಗಿ ಜೋಡಿಸಿ. ಎರಡು ತುದಿಗೂ ದಪ್ಪ ಪುಸ್ತಕ ಆನಿಸಿ. ಈಗ ಲೋಟವನ್ನು ಮೆಲ್ಲಗೆ ಎಳೆದುಕೊಳ್ಳಿ. ನಿಂತಿತಾ? ಅದು ನಿಜಕಮಾನು. ಒಂದೊಂದು ತುಂಡೂ ಬೆಣೆಗಲ್ಲು, ನಡುನೆತ್ತಿಯದು ಕೀಲಿಗಲ್ಲು. ಆನಿಸಿದ ಪುಸ್ತಕ ಸರಿಸಿ ನೋಡಿ, ಕಮಾನು ಅಗಲಕ್ಕೆ ಒದ್ದು ಕುಸಿಯುತ್ತದೆ. ಚಾಚುಕಲ್ಲಿನಲ್ಲಿ ಭಾರ ನೆಟ್ಟಗೆ ಕೆಳಗಿಳಿಯುತ್ತದೆ, ನಿಜಕಮಾನಿನಲ್ಲಿ ಪಕ್ಕಕ್ಕೂ ಒದೆಯುತ್ತದೆ. ಎರಡಕ್ಕೂ ಇರುವ ನಿಜವಾದ ವ್ಯತ್ಯಾಸ ಇದು. ರೋಮನ್ನರು ಈ ಒದೆತವನ್ನು ದಪ್ಪ ಗೋಡೆಯಿಂದ ತಡೆದು, ಕಾಂಕ್ರೀಟ್ ಬಳಸಿ, ರೋಮ್ ನಗರದ ಗುಡಿಯಾದ ಪ್ಯಾಂಥಿಯಾನ್‌ನಲ್ಲಿ 43.3 ಮೀಟರ್ ಅಗಲದ ಗುಮ್ಮಟ ಎಬ್ಬಿಸಿದರು. ಅದರ ನೆತ್ತಿಯಲ್ಲಿ ಬಿಟ್ಟ ಬಯಲು ಕಿಂಡಿಯೇ ಆಕ್ಯುಲಸ್, ಅಂದರೆ ಕಣ್ಣು.

ಹೆಜ್ಜೆ 5: ಕಲ್ಲಿನೊಳಗೆ ಮರವನ್ನು ಹುಡುಕಿ

ನನಗೆ ಈ ಹೆಜ್ಜೆ ಬಹಳ ಇಷ್ಟ. ಕಲ್ಲಿನಲ್ಲಿ ಕಟ್ಟುವ ಮೊದಲು ಜನ ಮರ, ಬಿದಿರು, ಹುಲ್ಲಿನಲ್ಲಿ ಕಟ್ಟುತ್ತಿದ್ದರು. ಆ ಕಟ್ಟಡಗಳು ಹೋದವು, ಅವುಗಳ ರೂಪ ಕಲ್ಲಿನಲ್ಲಿ ಉಳಿಯಿತು. ಪರಿಭಾಷೆಯ ಎಷ್ಟೋ ಪದಗಳು ಮರಗೆಲಸದ ನೆನಪುಗಳು.

ಸಾಂಚಿ ಸ್ತೂಪದ ಸುತ್ತಲಿನ ಕಲ್ಲುಬೇಲಿ ನೋಡಿ. ಅದು ವೇದಿಕೆ. ಅದರ ಅಡ್ಡಪಟ್ಟಿಗಳ ಹೆಸರು ಸೂಚಿ, ಅಂದರೆ ಸೂಜಿ. ನಿಲುಗಂಬದ ತೂತಿನಲ್ಲಿ ಸೂಜಿಯ ಹಾಗೆ ತೂರಿಸಿದ್ದಾರೆ. ಕಲ್ಲಿಗೆ ಅಷ್ಟು ಜೋಡಣೆ ಬೇಕಿರಲಿಲ್ಲ, ಅದು ಮರದ ಬೇಲಿಯ ಅಭ್ಯಾಸ. ಸ್ತೂಪದ ಉಳಿದ ಪದಗಳೂ ಇಲ್ಲೇ ಬರಲಿ: ದುಂಡು ಮೈ ಅಂಡ, ಅದರ ನೆತ್ತಿಯ ಚೌಕ ಕಟಾಂಜನ ಹರ್ಮಿಕ, ಮೇಲಿನ ಕೊಡೆ ಛತ್ರ, ಬಾಗಿಲ ಕಮಾನಿನಂಥ ಚೌಕಟ್ಟು ತೋರಣ, ಸುತ್ತುವ ದಾರಿ ಪ್ರದಕ್ಷಿಣಾಪಥ. ಕಲಬುರಗಿ ಜಿಲ್ಲೆಯ ಸನ್ನತಿ ಹತ್ತಿರ ಕನಗನಹಳ್ಳಿಯಲ್ಲೂ ಇಂಥ ಸ್ತೂಪ ಇತ್ತು. ಅಲ್ಲಿನ ಒಂದು ಉಬ್ಬುಶಿಲ್ಪದ ಮೇಲೆ ಬ್ರಾಹ್ಮಿ ಲಿಪಿಯಲ್ಲಿ 'ರಾಯೋ ಅಸೋಕೋ' ಎಂದು ಬರೆದಿದೆ, ಕೆಳಗೆ ಅಶೋಕನ ರೂಪವೇ ಇದೆ.

ಬಿಹಾರದ ಬರಾಬರ್ ಗುಡ್ಡದ ಲೋಮಸ್ ಋಷಿ ಗುಹೆಯ ಬಾಗಿಲು ಬಗ್ಗಿಸಿದ ಮರದ ಸೂರಿನ ನಕಲು. ಇದೇ ಕುದುರೆಲಾಳದಂಥ ಆಕಾರ ಮುಂದೆ ಚೈತ್ಯದ, ಅಂದರೆ ಬೌದ್ಧರ ಪೂಜಾಮಂದಿರದ, ಕಿಟಕಿಯಾಯಿತು. ಅದೇ ಕುಗ್ಗಿ ಗುಡಿಗಳ ಸೂರಂಚಿನ ಮೇಲೆ ಚಿಕ್ಕ ಚಿಕ್ಕ ಕೂಡು ಆಯಿತು, ಒಳಗಿಂದ ಒಂದು ಮುಖ ಇಣುಕುತ್ತದೆ. ಐಹೊಳೆಯ ಲಾಡ್‌ಖಾನ್ ಗುಡಿಯ ಇಳಿಜಾರು ಮಾಡು ನೋಡಿ. ಚಪ್ಪಡಿಗಳ ಸಂದಿಯ ಮೇಲೆ ಮರದ ಬೊಡ್ಡೆಯಂಥ ಉದ್ದ ಕಲ್ಲುಗಳನ್ನು ಮಲಗಿಸಿದ್ದಾರೆ. ಮಳೆನೀರು ಸಂದಿಗೆ ಇಳಿಯಬಾರದು, ಅದಕ್ಕೆ. ಗ್ರೀಕರ ಡೋರಿಕ್ ಎಂಬ ಶೈಲಿಯ ಗುಡಿಗಳಲ್ಲಿ ತೊಲೆಯ ಮೇಲೆ ಮೂರು ಪಟ್ಟೆಯ ಫಲಕ ಬರುತ್ತದೆ. ಅದು ಟ್ರೈಗ್ಲಿಫ್. ಮರದ ತೊಲೆಗಳ ತುದಿ ಹಾಗೆ ಕಾಣುತ್ತಿತ್ತು ಎಂದು ರೋಮನ್ ಕಾಲದಲ್ಲೇ ವಿವರಣೆ ಕೊಟ್ಟಿದ್ದರು.

ಬಾದಾಮಿಯ ಗುಹೆಗಳಲ್ಲಿ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಮೂರನೇ ಗುಹೆಯ ಶಾಸನ ಕ್ರಿ.ಶ. 578ರದು, ಚಾಲುಕ್ಯ ರಾಜ ಒಂದನೇ ಕೀರ್ತಿವರ್ಮನ ಕಾಲ, ಬರೆಸಿದವನು ಅವನ ತಮ್ಮ ಮಂಗಳೇಶ. ಅಲ್ಲಿ ಕಂಬ, ತೊಲೆ, ಬೋದಿಗೆ ಎಲ್ಲಾ ಇವೆ, ಆದರೆ ಯಾವುದನ್ನೂ ಜೋಡಿಸಿಲ್ಲ. ಇಡೀ ಗುಡ್ಡವನ್ನು ಕೊರೆದು ಉಳಿಸಿಕೊಂಡದ್ದು. ಇಂಥದ್ದಕ್ಕೆ ಶೈಲಕೃತ ಎನ್ನಬೇಕು, ಕಲ್ಲಿಗೆ ಕಲ್ಲು ಸೇರಿಸಿ ಎಬ್ಬಿಸಿದ್ದಕ್ಕೆ ನಿರ್ಮಿತ.

ಹೆಜ್ಜೆ 6: ಗುಡಿಯನ್ನು ನೆಲದಿಂದ ಮೇಲಕ್ಕೆ ಓದಿ

ಇದಕ್ಕೆ ಪಟ್ಟದಕಲ್ಲಿಗಿಂತ ಒಳ್ಳೆಯ ಪಾಠಶಾಲೆ ನನಗೆ ಗೊತ್ತಿಲ್ಲ. ದ್ರಾವಿಡ ಮತ್ತು ನಾಗರ ಎರಡೂ ಬಗೆಯ ಗುಡಿಗಳು ಅಲ್ಲಿ ಅಕ್ಕಪಕ್ಕ ನಿಂತಿವೆ.

ದ್ರಾವಿಡ ಬಗೆಯ ವಿರೂಪಾಕ್ಷ ಗುಡಿಯಿಂದ ಶುರು ಮಾಡಿ. ಎರಡನೇ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು. ನೆಲದ ಹತ್ತಿರದ ಅಡ್ಡಪಟ್ಟಿಗಳು ಸೇರಿ ಅಧಿಷ್ಠಾನ, ಗುಡಿಯ ಪಾದ. ಅದರ ಮೇಲೆ ಗೋಡೆ, ಭಿತ್ತಿ. ಗೋಡೆಯಲ್ಲಿ ಮೂರ್ತಿ ಇಡುವ ಗೂಡು ದೇವಕೋಷ್ಠ. ಬೆಳಕು ಬಿಡುವ ತೂತಿನ ಕಲ್ಲು ಜಾಲಾಂದ್ರ. ಗೋಡೆ ಮುಗಿಯುವಲ್ಲಿ ಹೊರಕ್ಕೆ ಬಾಗಿದ ಸೂರಂಚು ಕಪೋತ. ಅದರ ಮೇಲೆ ಚಿಕ್ಕ ಗುಡಿಗಳ ಸಾಲು, ಅದಕ್ಕೆ ಹಾರ ಎಂದೇ ಹೆಸರು. ಮೂಲೆಯ ಚೌಕ ಗುಡಿ ಕೂಟ, ನಡುವಿನ ಉದ್ದನೆಯದು ಶಾಲೆ. ಹೀಗೆ ಅಂತಸ್ತು ಅಂತಸ್ತಾಗಿ ಏರಿ ಕುತ್ತಿಗೆ ಬರುತ್ತದೆ, ಗ್ರೀವ. ಕುತ್ತಿಗೆಯ ಮೇಲೆ ತಲೆ, ಶಿಖರ. ಕೊನೆಗೆ ತುದಿಯ ಕಲಶ, ಸ್ತೂಪಿ. ಪಾದದಿಂದ ತಲೆವರೆಗೆ ಮನುಷ್ಯನ ಮೈಯ ಹಾಗೆ ನೆನಪಿಟ್ಟುಕೊಳ್ಳಬಹುದು.

ಈಗ ಗಳಗನಾಥ ಗುಡಿಗೆ ಬನ್ನಿ. ಅಂತಸ್ತುಗಳಿಲ್ಲ. ನೆಲದಿಂದ ಎದ್ದ ಗೆರೆಗಳು ಒಳಕ್ಕೆ ಬಾಗುತ್ತಾ ಮೇಲೆ ಹೋಗುತ್ತವೆ. ಇದು ರೇಖಾನಾಗರ. ನೆತ್ತಿಯ ಮೇಲೆ ನೆಲ್ಲಿಕಾಯಿಯ ಹಾಗೆ ಸೀಳು ಸೀಳಾದ ದುಂಡು ಕಲ್ಲು ಆಮಲಕ. ಆಮಲಕ ಅಂದರೆ ನೆಲ್ಲಿಕಾಯಿಯೇ.

ಇಲ್ಲಿ ಎರಡು ಪದಗಳ ಬಗ್ಗೆ ಎಚ್ಚರ. ದ್ರಾವಿಡದಲ್ಲಿ ಶಿಖರ ಅಂದರೆ ತುದಿಯ ತಲೆ ಮಾತ್ರ. ನಾಗರದಲ್ಲಿ ಇಡೀ ಗೋಪುರವೇ ಶಿಖರ. ಇನ್ನೊಂದು ಸುಕನಾಸಿ. ಗರ್ಭಗುಡಿಯ ಮುಂದಿನ ಚಿಕ್ಕ ಕೋಣೆಗೂ ನಮ್ಮಲ್ಲಿ ಸುಕನಾಸಿ ಎನ್ನುತ್ತಾರೆ, ಆ ಕೋಣೆಯ ಮೇಲೆ ಶಿಖರದಿಂದ ಮೂಗಿನ ಹಾಗೆ ಮುಂದೆ ಚಾಚಿದ ಭಾಗಕ್ಕೂ ಅದೇ ಪದ. ಸುಕನಾಸ ಅಂದರೆ ಗಿಳಿಮೂಗು. ಯಾವ ಅರ್ಥದಲ್ಲಿ ಬಳಸಿದ್ದಾರೆ ಎಂದು ನೋಡದೆ ಓದಿದರೆ ಪೂರ್ತಿ ಗೊಂದಲ.

ಹೆಜ್ಜೆ 7: ಮೂರ್ತಿಯ ಸುತ್ತ ಬರಲಾಗುತ್ತದಾ ನೋಡಿ

ಸುತ್ತ ಬರಬಹುದಾದರೆ ದುಂಡುಶಿಲ್ಪ. ಹಿಂದೆ ಗೋಡೆ ಅಂಟಿದ್ದರೆ ಉಬ್ಬುಶಿಲ್ಪ. ಬಾದಾಮಿಯ ಒಂದನೇ ಗುಹೆಯ ಹದಿನೆಂಟು ಕೈಗಳ ನಟರಾಜ ಬಂಡೆಯಿಂದ ಬಹಳಷ್ಟು ಹೊರಗೆ ಬಂದಿದ್ದಾನೆ, ಅದು ಎತ್ತರದ ಉಬ್ಬು. ನಾಣ್ಯದ ಮೇಲಿನ ಮುಖದ ಹಾಗೆ ತೆಳುವಾಗಿದ್ದರೆ ತಗ್ಗು ಉಬ್ಬು. ಈಜಿಪ್ಟಿನವರು ಇನ್ನೊಂದು ಮಾಡಿದರು. ಹಿನ್ನೆಲೆಯನ್ನು ಹಾಗೇ ಬಿಟ್ಟು ರೂಪವನ್ನು ಗೋಡೆಯ ಮಟ್ಟಕ್ಕಿಂತ ಒಳಗೆ ಕೊರೆದರು. ಅದು ಹುದುಗುಶಿಲ್ಪ. ಅಲ್ಲಿನ ಸುಡುಬಿಸಿಲಿನಲ್ಲಿ ಅಂಚಿನ ನೆರಳು ಗೆರೆಯ ಹಾಗೆ ಎದ್ದು ಕಾಣುತ್ತದೆ.

ನಿಲುವಿಗೂ ಪದಗಳಿವೆ. ಗ್ರೀಸಿನ ಹಳೆಯ ಕೂರಾಸ್ ಮೂರ್ತಿಗಳು, ಅಂದರೆ ನಿಂತ ಯುವಕರ ಮೂರ್ತಿಗಳು, ಎರಡೂ ಕಾಲಿನ ಮೇಲೆ ಸಮ ಭಾರ ಹಾಕಿ ಸೆಟೆದು ನಿಂತಿವೆ. ಸುಮಾರು ಕ್ರಿ.ಪೂ. 480ರ ಹೊತ್ತಿಗೆ ಭಾರ ಒಂದೇ ಕಾಲಿಗೆ ಬಂತು, ಸೊಂಟ ವಾಲಿತು. ಇದು ಕಾಂಟ್ರಪೋಸ್ಟೋ. ನಮ್ಮ ತ್ರಿಭಂಗದಲ್ಲಿ ತಲೆ, ಸೊಂಟ, ಮೊಣಕಾಲು ಮೂರು ಕಡೆ ಬಾಗು. ಎರಡೂ ಒಂದೇ ಎಂದು ಬರೆಯಬೇಡಿ. ಒಂದರಲ್ಲಿ ಭಾರ ಹೊತ್ತ ಮೈಯ ಗಮನ ಜಾಸ್ತಿ, ಇನ್ನೊಂದರಲ್ಲಿ ಕುಣಿತದ ಲಯ ಜಾಸ್ತಿ. ಕನ್ನಡಿ ಮುಂದೆ ಎರಡನ್ನೂ ನಿಂತು ನೋಡಿ, ತಿಳಿಯುತ್ತದೆ.

ಹೆಜ್ಜೆ 8: ಒಂದು ದಿನ ಐಹೊಳೆಯಲ್ಲಿ

ಕಲಿತದ್ದನ್ನು ಪರೀಕ್ಷೆ ಮಾಡಿಕೊಳ್ಳಲು ನಾನು ಹೇಳುವ ಜಾಗ ಇದು. ಬೆಳಿಗ್ಗೆ ಬಿಸಿಲೇರುವ ಮೊದಲು ಮೇಗುತಿ ಗುಡ್ಡ ಹತ್ತಿ. ಮೇಲೆ ಜೈನ ಬಸದಿ, ಗೋಡೆಯಲ್ಲಿ ಕ್ರಿ.ಶ. 634ರ ರವಿಕೀರ್ತಿಯ ಶಾಸನ, ಇಮ್ಮಡಿ ಪುಲಕೇಶಿಯನ್ನು ಹೊಗಳುವುದು. ಅಧಿಷ್ಠಾನ, ಭಿತ್ತಿ, ಖಾಲಿ ದೇವಕೋಷ್ಠ, ಇಷ್ಟನ್ನು ನೋಟ್‌ಬುಕ್ ತೆರೆಯದೆ ಗುರುತಿಸಿ. ಆಮೇಲೆ ಬಸದಿಯ ಹಿಂದಕ್ಕೆ ನಡೆಯಿರಿ. ಅದೇ ಗುಡ್ಡದ ಮೇಲೆ ಡಾಲ್ಮೆನ್‌ಗಳಿವೆ. ಚಪ್ಪಡಿ ನಿಲ್ಲಿಸಿ ಮೇಲೊಂದು ಹೊದಿಸುವುದನ್ನು ಬಸದಿಗಿಂತ ಬಹಳ ಮೊದಲೇ ಇಲ್ಲಿ ಯಾರೋ ಮಾಡಿದ್ದರು. ಎರಡರ ಚಿತ್ರವನ್ನೂ ಒಂದೇ ಪುಟದಲ್ಲಿ ಬಿಡಿಸಿ.

ಕೆಳಗಿಳಿದು ಲಾಡ್‌ಖಾನ್ ಗುಡಿಯಲ್ಲಿ ಕಂಬಗಳ ನಡುವಿನ ದೂರವನ್ನು ಹೆಜ್ಜೆಯಿಂದ ಅಳೆಯಿರಿ, ಬಿಸ್ಕತ್ತು ನೆನಪಾಗುತ್ತದೆ. ದುರ್ಗ ಗುಡಿಯನ್ನು ಸಂಜೆಗೆ ಇಟ್ಟುಕೊಳ್ಳಿ. ಇಲ್ಲಿ ದುರ್ಗ ಅಂದರೆ ದೇವಿಯಲ್ಲ, ಕೋಟೆ. ಹಿಂಭಾಗ ಆನೆಯ ಬೆನ್ನಿನ ಹಾಗೆ ದುಂಡಗಿದೆ, ಅದಕ್ಕೇ ಗಜಪೃಷ್ಠ. ಬಾಗಿಲು ಹಾಕುವ ಮೊದಲು ಆ ದುಂಡು ಮೈಯ ಹತ್ತಿರ ನಿಂತಿರಿ. ಪಶ್ಚಿಮದ ಓರೆಬಿಸಿಲು ಕಂಬಗಳ ಸಂದಿಯಿಂದ ಪ್ರದಕ್ಷಿಣಾಪಥದೊಳಗೆ ಬರುತ್ತದೆ, ನಡುಹಗಲಿನಲ್ಲಿ ಚಪ್ಪಟೆಯಾಗಿ ಕಂಡ ಉಬ್ಬುಗಳಿಗೆಲ್ಲಾ ನೆರಳು ಮೂಡುತ್ತದೆ. ಪೆನ್ಸಿಲ್ ಕೈಯಲ್ಲಿರಲಿ, ಆ ಬೆಳಕು ಸ್ವಲ್ಪ ಹೊತ್ತು ಮಾತ್ರ ಇರುತ್ತದೆ.